ದಸರೆಯ ಮನೆಗೊಂಬೆಗಳು: ಮಿತವ್ಯಯದ ದೃಷ್ಟಿಯಿಂದ ಒಂದು ವಿವೇಚನೆ

ಶರದೃತುವಿನ ಆರಂಭದಲ್ಲಿ, ಆಶ್ವಯುಜ ಶುದ್ಧ ಪಾಡ್ಯಮಿಯಿಂದ ದಶಮಿಯವರೆಗೆ, ಹಳೆಯ ಮೈಸೂರು ಪ್ರಾಂತದ ಅನೇಕ ಮನೆಗಳಲ್ಲಿ ಗೊಂಬೆಗಳನ್ನು ಹಂತಹಂತವಾಗಿ ಜೋಡಿಸಿ, ಸಂಜೆ ಆರತಿಯೆತ್ತಿ, ನೆರೆಹೊರೆಯ ಮಕ್ಕಳಿಗೆ ಗೊಂಬೆ ಬಾಗಿನ ಕೊಡುವ ಪದ್ಧತಿ ಇಂದಿಗೂ ರೂಢಿಯಲ್ಲಿದೆ. ಇದು ಅರಮನೆಯ ದಸರೆಯ ಕಿರಿಯ ಅನುಕರಣವೆಂದು ಸಾಮಾನ್ಯವಾಗಿ ಹೇಳುವುದುಂಟು. ಈ ಅಭಿಪ್ರಾಯದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದು ಪೂರ್ಣಸತ್ಯವಲ್ಲವೆಂದೂ, ಈ ಪ್ರದರ್ಶನದ ರೂಪವನ್ನು ನಿರ್ಧರಿಸಿದುದು ರಾಜವೈಭವಕ್ಕಿಂತ ಹೆಚ್ಚಾಗಿ ಸಾಮಾನ್ಯ ಗೃಹಿಣಿಯ ಮಿತವ್ಯಯವೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅನುಕರಣವಾದದ ಆಧಾರಗಳನ್ನು ಪರಿಶೀಲಿಸೋಣ. ೧೪೪೩ರಲ್ಲಿ ವಿಜಯನಗರಕ್ಕೆ ಬಂದಿದ್ದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು, ಮಹಾನವಮಿಯ ಕಾಲದಲ್ಲಿ ಹಲವು ಅಂತಸ್ತುಗಳ ಮಂಟಪಗಳನ್ನು ನಿಲ್ಲಿಸಿದ್ದರೆಂದೂ, ಅವುಗಳ ಮೇಲೆ ಮನುಷ್ಯರು, ಮೃಗಗಳು, ಪಕ್ಷಿಗಳು ಮೊದಲುಗೊಂಡು ನೊಣಗಳವರೆಗೆ ಸಕಲ ರೂಪಗಳನ್ನೂ ಚಿತ್ರಿಸಿದ್ದರೆಂದೂ ವರ್ಣಿಸಿದ್ದಾನೆ. ಹಂಪೆಯ ಮಹಾನವಮಿ ದಿಬ್ಬವೂ ಮೇಲೆ ಮೇಲೆ ಕಿರಿದಾಗುವ ಹಂತಗಳಿಂದ ಕೂಡಿದ್ದು, ಅದರ ಸಾಲುಗಳಲ್ಲಿ ಆನೆ, ಕುದುರೆ, ಬೇಟೆಗಾರರು, ನರ್ತಕಿಯರು ಕಾಣಬರುತ್ತಾರೆ. ಗೊಂಬೆಯ ಮೆಟ್ಟಿಲುಗಳನ್ನು ಕಂಡವರಿಗೆ ಈ ಸಾದೃಶ್ಯವು ಕೂಡಲೇ ಹೊಳೆಯುವುದು ಸಹಜ. ಆದರೆ ಸಾದೃಶ್ಯವೊಂದೇ ವಂಶಾವಳಿಯಾಗಲಾರದು. ರಜಾಕನು ಕಂಡದ್ದು ರಾಜಾಂಗಣವನ್ನೇ ಹೊರತು ಮನೆಗಳ ನಡುಮನೆಯನ್ನಲ್ಲ. ಅವನ ಮಾತಿನಿಂದ ಮನೆಗೊಂಬೆಗಳ ಪ್ರಾಚೀನತೆಯನ್ನು ಸಾಧಿಸಲು ಬರುವುದಿಲ್ಲ.

ಮೈಸೂರಿನ ಸಂಬಂಧ ಇದಕ್ಕಿಂತ ಸ್ಪಷ್ಟವಾದುದು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ಆರಂಭಿಸಿದರು; ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೦೫ರಿಂದ, ಮೈಸೂರಿನಲ್ಲಿ ದಸರಾ ದರ್ಬಾರು ನಡೆಯತೊಡಗಿತು. ೧೮೯೭ರ ಅಗ್ನಿ ಅನಾಹುತದ ಅನಂತರ ಕಟ್ಟಲಾರಂಭಿಸಿ ೧೯೧೨ರಲ್ಲಿ ಮುಗಿದ ಅರಮನೆಯ ಗೊಂಬೆ ತೊಟ್ಟಿಯಲ್ಲಿ ಹಳೆಯ ಗೊಂಬೆಗಳ ಸಂಗ್ರಹವನ್ನು ಕಾಣಬಹುದು. ಮನೆಗಳಲ್ಲಿ ಅಗ್ರಸ್ಥಾನ ಪಡೆಯುವ ರಾಜ ರಾಣಿಯರ ಜೋಡಿಗೆ ‘ಪಟ್ಟದ ಗೊಂಬೆ’ ಎಂಬ ಹೆಸರೇ ದರ್ಬಾರಿನ ಛಾಯೆಯನ್ನು ಸೂಚಿಸುತ್ತದೆ. ವಿಷಯದ ಮಟ್ಟಿಗೆ ಮನೆಯು ಅರಮನೆಗೆ ಋಣಿಯೆಂಬುದನ್ನು ಇಲ್ಲಿ ಒಪ್ಪಲೇಬೇಕು.

ಆದರೆ ಆ ಜೋಡಿಯು ಮನೆಗೆ ಬರುವ ಬಗೆಯನ್ನು ಗಮನಿಸಬೇಕು. ರಕ್ತಚಂದನ ಮೊದಲಾದ ಮರಗಳಿಂದ ಕೆತ್ತಿದ ಪಟ್ಟದ ಗೊಂಬೆಗಳನ್ನು ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವುದು ವಾಡಿಕೆ. ಎಂದರೆ, ಹೊಸ ಸಂಸಾರದ ಗೊಂಬೆ ಹಬ್ಬವು ಪೇಟೆಯ ಖರೀದಿಯಿಂದಲ್ಲ, ತಾಯಿಯ ಉಡುಗೊರೆಯಿಂದ ಆರಂಭವಾಗುತ್ತದೆ. ಮರದ ಮೈ ತಲೆಮಾರುಗಳ ಕಾಲ ಬಾಳುತ್ತದೆ. ವರ್ಷವರ್ಷವೂ ಹೊಸದಾಗುವುದು ಉಡುಪು ಮಾತ್ರ. ಅದಕ್ಕೆ ಹಳೆಯ ರೇಷ್ಮೆ ಸೀರೆಯ ಸೆರಗು, ರವಿಕೆಯ ಚೂರು, ಒಂದಿಷ್ಟು ಮಣಿ ಸಾಕು. ಜಮೀನು ಮನೆಗಳು ಗಂಡುಮಕ್ಕಳಿಗೆ ಸಲ್ಲುತ್ತಿದ್ದ ಕಾಲದಲ್ಲಿ ಈ ಗೊಂಬೆಯ ಪೆಟ್ಟಿಗೆಯು ಹೆಣ್ಣಿನಿಂದ ಹೆಣ್ಣಿಗೆ ಸಾಗಿತೆಂಬುದು ಗಮನಾರ್ಹ.

ಇನ್ನು ಜೋಡಣೆಯ ವಿಚಾರ. ಮೆಟ್ಟಿಲುಗಳು ಮೂರು, ಐದು, ಏಳು, ಒಂಬತ್ತು ಎಂದು ಬೆಸಸಂಖ್ಯೆಯಲ್ಲಿರಬೇಕೆಂಬ ನಿಯಮವುಂಟು. ಆದರೆ ಅವು ಇಂಥದರಿಂದಲೇ ಆಗಿರಬೇಕೆಂಬ ನಿಯಮವಿಲ್ಲ. ಟ್ರಂಕು, ಹಲಗೆ, ಮಣೆ, ಮಗುಚಿಟ್ಟ ಕೊಳಗ, ದಪ್ಪ ಪುಸ್ತಕಗಳು, ಇವುಗಳ ಮೇಲೆ ಒಂದು ಬಿಳಿಯ ಪಂಚೆ ಹರಡಿದರೆ ಸಿಂಹಾಸನವಾಯಿತು. ಬದಿಯಲ್ಲಿ ಹಸಿ ಮಣ್ಣಿನ ಗುಡ್ಡ, ಒಡೆದ ಕನ್ನಡಿಯ ಚೂರಿನ ಕೊಳ, ನಾಲ್ಕೈದು ದಿನ ಮೊದಲೇ ಚೆಲ್ಲಿ ಮೊಳೆಯಿಸಿದ ರಾಗಿ ಅಥವಾ ಸಾಸಿವೆಯ ಪೈರು. ಶೆಟ್ಟಿ ಶೆಟ್ಟಮ್ಮರ ಅಂಗಡಿಯಲ್ಲಿ ರಾಶಿಯಿಟ್ಟ ಅಕ್ಕಿ ಬೇಳೆಗಳು ಹಬ್ಬ ಮುಗಿದೊಡನೆ ಅಡಿಗೆಮನೆಗೆ ಹಿಂದಿರುಗುತ್ತವೆ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಮೇಲೆ, ಟ್ರಂಕು ಟ್ರಂಕಾಗಿಯೂ ಪುಸ್ತಕ ಪುಸ್ತಕವಾಗಿಯೂ ಮರಳುತ್ತದೆ. ಹತ್ತು ದಿನದ ವೈಭವಕ್ಕೆ ವ್ಯಯವಾದುದು ಹಿಡಿ ರಾಗಿ ಮಾತ್ರ.

ಕರಕುಶಲ ಕಲೆಗಳೂ ಈ ಮಿತಿಯನ್ನು ಅರಿತೇ ಬೆಳೆದವು. ಚನ್ನಪಟ್ಟಣದವರು ಆರಿಸಿಕೊಂಡ ಆಲೆ ಮರವು ಮೃದುವಾದುದು, ನಯವಾದ ಎಳೆಯದು. ತಿರುಗಣಿಯಲ್ಲಿ ತಿರುಗುವಾಗಲೇ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಶಾಖದಿಂದ ಬಣ್ಣ ಹತ್ತುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಹುಣಿಸೆಬೀಜದ ಸರಿಯಿಂದ ಅಂಟಿಸಿ, ಚಿಂದಿ ಬಟ್ಟೆ, ಮರದ ಹೊಟ್ಟುಗಳಿಂದ ಮೈತುಂಬಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಈ ತತ್ತ್ವವು ಮತ್ತೊಂದು ರೂಪದಲ್ಲಿ ಕಾಣುತ್ತದೆ: ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳಿಗೂ, ಆಷಾಢ ಮಂಗಳವಾರಗಳ ಗುಳ್ಳವ್ವನಿಗೂ ಬೇಕಾದುದು ಮಣ್ಣು; ಗುಳ್ಳವ್ವನ ಒಡವೆ ಗುಲಗಂಜಿ. ಅಲ್ಲಿ ಅರಮನೆಯೂ ಇಲ್ಲ, ಅನುಕರಣವೂ ಇಲ್ಲ. ಆದರೂ ಋತುವಿಗೊಂದು ಗೊಂಬೆಯುಂಟು.

ಈ ವಾದಕ್ಕೆ ಅಂತಿಮ ಸಾಕ್ಷ್ಯವನ್ನು ಕಾಲವೇ ಒದಗಿಸಿದೆ. ೧೯೭೧ರಲ್ಲಿ ರಾಜಧನ ರದ್ದಾಯಿತು. ಜಂಬೂಸವಾರಿಯ ಅಂಬಾರಿಯಲ್ಲಿ ಈಗ ಅರಸರ ಸ್ಥಾನದಲ್ಲಿ ಚಾಮುಂಡೇಶ್ವರಿಯ ವಿಗ್ರಹ ಸಾಗುತ್ತದೆ. ಮನೆಯ ಗೊಂಬೆಗಳು ಬರಿಯ ಪ್ರತಿಬಿಂಬವಾಗಿದ್ದ ಪಕ್ಷದಲ್ಲಿ ಬಿಂಬದೊಡನೆಯೇ ಮಾಸಬೇಕಾಗಿತ್ತು. ಹಾಗಾಗಲಿಲ್ಲ, ಏಕೆಂದರೆ ಅವುಗಳ ಬೇರು ಇದ್ದುದು ಬೊಕ್ಕಸದಲ್ಲಲ್ಲ, ಬಡಪೆಟ್ಟಿಗೆಯಲ್ಲಿ.

ಅವುಗಳಿಗೆ ಅಪಾಯ ಒದಗಿರುವುದು ಬೇರೊಂದು ದಿಕ್ಕಿನಿಂದ. ಮಡಿಸುವ ಕಬ್ಬಿಣದ ಮೆಟ್ಟಿಲುಗಳೂ, ಒಂದೇ ಅಚ್ಚಿನ ಸಿದ್ಧ ಗೊಂಬೆಗಳ ತಂಡಗಳೂ ಪೇಟೆಯಲ್ಲಿ ದೊರೆಯುತ್ತಿವೆ. ಒಂದೇ ದಿನ ಕೊಂಡು ತಂದ ಪ್ರದರ್ಶನವು ಸುಂದರವಾಗಿರಬಹುದು; ಆದರೆ ಅದಕ್ಕೆ ಇತಿಹಾಸವಿಲ್ಲ. ವರ್ಷಕ್ಕೊಂದರಂತೆ ಸೇರಿದ ಗೊಂಬೆಗಳ ಸಾಲಾದರೋ ಒಂದು ಕುಟುಂಬದ ಕಡತವೇ ಸರಿ: ಈ ಜರ್ಮನ್ ಪಿಂಗಾಣಿಯ ಹುಡುಗಿ ಯಾವ ಕಾಲದ ಪೇಟೆಯಿಂದ ಬಂದಳು, ಈ ಸಿಪಾಯಿಯ ಕೈ ಯಾವಾಗ ಮುರಿಯಿತು, ಯಾವ ವರ್ಷ ಏನೂ ಸೇರಲಿಲ್ಲ ಎಂಬುದನ್ನೆಲ್ಲ ಆ ಮನೆಯ ಹಿರಿಯ ಮುತ್ತೈದೆ ಬಲ್ಲಳು. ಶಾಸನಗಳ ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ, ಮುಂದಿನ ನವರಾತ್ರಿಯಲ್ಲಿ ಪೆಟ್ಟಿಗೆ ತೆರೆಯುವಾಗ ಆಕೆಯ ಬಳಿ ಕುಳಿತು ಒಂದೊಂದು ಗೊಂಬೆಯ ಬರವನ್ನೂ ಬರೆದಿಡುವುದು ನಮ್ಮ ವಿದ್ಯಾರ್ಥಿಗಳ ಕರ್ತವ್ಯ. ಶಿಲೆಯು ಕಾದೀತು, ನೆನಪು ಕಾಯದು.