ಹಡಗಿನ ಕೊಡಲಿಯೂ ಹಳೆಯ ಕೋಶಗಳೂ

ಶಾಸನವಿಲ್ಲದ ಕಲ್ಲೂ ಹೆಸರಳಿದ ಕಬ್ಬಿಣವೂ ಮೂಕಸಾಕ್ಷಿಗಳು. ಅವನ್ನು ಮಾತನಾಡಿಸಬೇಕಾದರೆ ಅವು ಬಳಕೆಯಲ್ಲಿದ್ದ ಕಾಲದ ಗ್ರಂಥಗಳನ್ನು ತೆರೆದು ನೋಡಬೇಕು. ಫ್ರೆಂಚ್ ನೌಕಾದಳದ ಪುರಾತನ ಕೊಡಲಿಯು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಹಾಯಿಹಡಗುಗಳ ಕಾಲದಲ್ಲಿ ಸಮುದ್ರಯುದ್ಧವು ಫಿರಂಗಿಗಳಿಂದಲೇ ಮುಗಿಯುತ್ತಿರಲಿಲ್ಲ. ಹಡಗಿಗೆ ಹಡಗು ತಾಗಿದೊಡನೆ ನಾವಿಕರು ಶತ್ರುನೌಕೆಯನ್ನೇರಿ ಕೈಮಿಲಾಯಿಸಿ ಕಾದುತ್ತಿದ್ದರು. 1800ನೆಯ ಇಸವಿಯ ಅಕ್ಟೋಬರ್ 7ರಂದು ಫ್ರೆಂಚ್ ನಾವಿಕನಾದ ರೋಬೆರ್ ಸುರ್ಕೂಫನು ಬಂಗಾಳ ಕೊಲ್ಲಿಯಲ್ಲಿ ತನ್ನ ಹಡಗಿಗಿಂತ ಬಹಳ ದೊಡ್ಡದಾಗಿದ್ದ ಈಸ್ಟ್ ಇಂಡಿಯಾ ಕಂಪನಿಯ ‘ಕೆಂಟ್’ ಎಂಬ ನೌಕೆಯನ್ನು ಗೆದ್ದುದು ಈ ಕ್ರಮದಿಂದಲೇ. ಇಂತಹ ಕಾಳಗಕ್ಕಾಗಿ ಇದ್ದ ಕೊಡಲಿಗೆ ಒಂದು ಮಗ್ಗುಲಲ್ಲಿ ಅಲಗು, ಇನ್ನೊಂದು ಮಗ್ಗುಲಲ್ಲಿ ಚೂಪಾದ ಕೊಕ್ಕು. ಫ್ರೆಂಚರು ಇದನ್ನು ‘ಆಶ್ ದಾಬೋರ್ದಾಜ್’, ಎಂದರೆ ಹಡಗನ್ನೇರುವ ಕೊಡಲಿ, ಎಂದು ಕರೆದರು. ‘ಆಶ್ ದಾರ್ಮ್’, ಎಂದರೆ ಆಯುಧದ ಕೊಡಲಿ, ಎಂಬ ಹೆಸರೂ ಉಂಟು. ಒಂದೇ ಹೆಸರನ್ನು ಹಿಡಿದು ಹುಡುಕುವವನಿಗೆ ಅರ್ಧ ಸಾಕ್ಷ್ಯವು ಮರೆಯಾಗಿಯೇ ಉಳಿಯುತ್ತದೆ.

ಇಂಗ್ಲಿಷಿನಲ್ಲಿ ವಿಲಿಯಂ ಫಾಲ್ಕನರನು 1769ರಲ್ಲಿ ಪ್ರಕಟಿಸಿದ ನೌಕಾಕೋಶವು ಶೋಧಕನಿಗೆ ಮೊದಲ ಮೆಟ್ಟಿಲು. ಫ್ರೆಂಚ್ ನೌಕಾಪದಗಳ ಅರ್ಥವೂ ಅದರ ಕೊನೆಯಲ್ಲಿದೆ. ಕೊಡಲಿಯ ಹಿಡಿ ಸುಮಾರು 15 ಅಂಗುಲವೆಂದೂ, ಏರಿಬರುವ ಶತ್ರುವಿನ ಹಗ್ಗಗಳನ್ನು ಕತ್ತರಿಸುವುದೇ ಅದರ ಮುಖ್ಯ ಕಾರ್ಯವೆಂದೂ ಆತನು ತಿಳಿಸುತ್ತಾನೆ. ಎತ್ತರದ ಹಡಗಿನ ಮಗ್ಗುಲಿಗೆ ಕೊಡಲಿಗಳ ಕೊಕ್ಕನ್ನು ಒಂದರ ಮೇಲೊಂದರಂತೆ ನೆಟ್ಟು ಏಣಿಯಾಗಿಸುತ್ತಿದ್ದರೆಂಬ ಸಂಗತಿಯನ್ನೂ ಸೇರಿಸಿದ್ದಾನೆ. ಆದರೆ ಇಲ್ಲಿ ಆತನು ‘ಹಾಗೆಂದು ಹೇಳುತ್ತಾರೆ’ ಎಂಬ ಎಚ್ಚರದ ಮಾತನ್ನು ಬಿಟ್ಟಿಲ್ಲ. ಮುಂದಿನವರು ಆ ಒಂದು ಮಾತನ್ನು ಕೈಬಿಟ್ಟರೆ ವದಂತಿಯೇ ಇತಿಹಾಸವಾಗಿಬಿಡುತ್ತದೆ! ಅಲ್ಲದೆ ಆತನು ಹೇಳಿದ ಅಳತೆಯನ್ನು ಫ್ರೆಂಚರ ಕೊಡಲಿಗೂ ಅನ್ವಯಿಸಲಾಗದು. ಕೋಶ ಹೊರಬಂದ ವರ್ಷವೇ ಫಾಲ್ಕನರನು ‘ಅರೋರಾ’ ಎಂಬ ಹಡಗಿನಲ್ಲಿ ಭಾರತಕ್ಕೆ ಹೊರಟನು. ಡಿಸೆಂಬರಿನಲ್ಲಿ ಗುಡ್‌ಹೋಪ್ ಭೂಶಿರವನ್ನು ಬಿಟ್ಟ ಆ ನೌಕೆಯ ಸುಳಿವು ಮತ್ತೆ ಸಿಗಲಿಲ್ಲ. ಆತನ ಕೋಶವನ್ನು ಬರ್ನಿ ಎಂಬಾತನು 1815ರಲ್ಲಿ ಬಹಳವಾಗಿ ತಿದ್ದಿ ಬೆಳೆಸಿದನು. ಆದುದರಿಂದ ಯಾವ ಮುದ್ರಣದಿಂದ ಮಾತನ್ನು ಎತ್ತಿಕೊಂಡೆವೆಂಬುದನ್ನು ಗುರುತಿಸಿಕೊಳ್ಳತಕ್ಕದ್ದು.

ಫ್ರೆಂಚ್ ಭಾಷೆಯಲ್ಲಿ 1783ರಿಂದ 1787ರವರೆಗೆ ಹೊರಬಂದ ವಿಷಯಾನುಕ್ರಮದ ವಿಶ್ವಕೋಶದ ಮೂರು ನೌಕಾಸಂಪುಟಗಳೂ, 1848ರಲ್ಲಿ ಪ್ರಕಟವಾದ ಝಾಲನ ಬಹುಭಾಷಾ ನೌಕಾನಿಘಂಟೂ ಆಧಾರಗಳಾಗಿವೆ. ಝಾಲನು ಪದಗಳನ್ನು ಹಳೆಯ ಬರಹಗಳ ಪ್ರಯೋಗಗಳೊಡನೆ ಕೊಡುವನಾದುದರಿಂದ ಪದದ ವಯಸ್ಸು ತಿಳಿಯುತ್ತದೆ. ಪದದ ವಯಸ್ಸೇ ಕೊಡಲಿಯ ವಯಸ್ಸಲ್ಲವಷ್ಟೆ. ಅದಕ್ಕೆ ಸರಕಾರದ ನಿಯಮಗಳನ್ನು ನೋಡಬೇಕು. ಫ್ರೆಂಚ್ ನೌಕಾದಳದಲ್ಲಿ 1833ರ ಮಾದರಿಯೆಂಬ ನಿಯತವಾದ ಕೊಡಲಿಯಿತ್ತು. ಅದೇ ವರ್ಷದ ಮಾದರಿಯ ಕತ್ತಿಯೂ ಇತ್ತು. ಅಲಗಿನ ಮೇಲಣ ಲಂಗರಿನ ಮುದ್ರೆಯು ಸಾಕ್ಷ್ಯವೇ ಸರಿ. ಆದರೆ ಮುದ್ರೆಯನ್ನು ಅನಂತರವೂ ಒತ್ತಬಹುದು.

ಮೋಸಹೋಗುವುದು ಇಲ್ಲಿಯೇ. ಬೆಂಕಿ ನಂದಿಸುವವರ ಕೊಡಲಿಗೂ ಇಂತಹುದೇ ಅಲಗು, ಇಂತಹುದೇ ಕೊಕ್ಕು. ಹಡಗಿನ ಕೊಡಲಿಯೂ ಮುರಿದುಬಿದ್ದ ಪಟಸ್ತಂಭವನ್ನು ಕಡಿದು ಕಳಚುವ, ಉರಿಯುವ ಮರವನ್ನು ಎಳೆದೊಗೆಯುವ ಉಪಕರಣವಾಗಿತ್ತು. ಕೆಲಸ ಒಂದಾದಲ್ಲಿ ರೂಪವೂ ಒಂದಾಗುತ್ತದೆ. ಆಕಾರವನ್ನಷ್ಟೇ ನೋಡಿ ಕೊಳ್ಳುವವನು ಸಾಧಾರಣ ಕೊಡಲಿಗೆ ಕಡಲ್ಗಾಳಗದ ಬೆಲೆ ತೆರುತ್ತಾನೆ. ಹಣದ ನಷ್ಟ ಅವನೊಬ್ಬನದು. ಸುಳ್ಳು ಚರಿತ್ರೆಯ ನಷ್ಟ ಎಲ್ಲರದು.

ನಮ್ಮ ಹಿರಿಯರ ಮನೆಗಳ ಅಟ್ಟದಲ್ಲಿಯೂ ಹೆಸರು ಮರೆತ ಹತಾರುಗಳಿವೆ. 1894ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾದ ಕಿಟ್ಟೆಲರ ಕನ್ನಡ ನಿಘಂಟಿನಲ್ಲಿ ಅಂತಹ ವಸ್ತುಗಳ ಹೆಸರನ್ನು ಇಂದಿಗೂ ಅರಸಬಹುದು. ಮನೆಯ ಮುದುಕರನ್ನು ಕೇಳಿ, ಕೋಶವನ್ನು ನೋಡಿ, ಎರಡನ್ನೂ ತಾಳೆಹಾಕಿ, ಒಂದು ಚೀಟಿ ಬರೆದು ವಸ್ತುವಿಗೆ ಕಟ್ಟಿರಿ. ಹೆಸರು ಹೋದ ಬಳಿಕ ಮನೆಯ ವಸ್ತುವೂ ಪರರ ಸೊತ್ತಿನಂತೆ ತೋರುತ್ತದೆ. ಹೆಸರು ಉಳಿದರೆ ಕಬ್ಬಿಣವೂ ಮಾತನಾಡುತ್ತದೆ.