ಹುಟ್ಟುವ ಮುನ್ನವೇ ಎಣಿಸಿದ ದಿನಗಳು



ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ. ಹರಿಹರದ ಆರೋಗ್ಯಮಾತೆಯ ಹಬ್ಬವೂ ಅಂದೇ. ಈ ಶುಭದಿನದಲ್ಲಿ ನಾವು ಒಂದು ಪದದ ಚರಿತ್ರೆಯನ್ನು ಧ್ಯಾನಿಸೋಣ.

ಕೆರೆಬಿಳಚಿಯಾಗಲಿ, ಚನ್ನಗಿರಿಯಾಗಲಿ, ಬಸುರಿ ಹೆಣ್ಣುಮಗಳು ಆಸ್ಪತ್ರೆಗೆ ಹೋದರೆ 'ಎ.ಎನ್.ಸಿ. ತಪಾಸಣೆ' ಎಂಬ ಮಾತು ಕಿವಿಗೆ ಬೀಳುತ್ತದೆ. ಇದರೊಳಗಿನ 'ಆಂಟಿನೇಟಲ್' ಲತೀನ್ ಮೂಲದ ಪದ. 'ಆಂತೆ' ಎಂದರೆ ಮುಂಚೆ. 'ನಾತಾಲಿಸ್' ಎಂದರೆ ಜನನಕ್ಕೆ ಸೇರಿದ್ದು. ವಿರೋಧ ಎಂಬರ್ಥದ 'ಆಂಟಿ' ಇದಲ್ಲ.

ಈ 'ನಾತಾಲಿಸ್' ಧರ್ಮಸಭೆಗೆ ಬಹಳ ಹಳೆಯ ನಂಟು. ಆದಿ ಕ್ರೈಸ್ತರು ರಕ್ತಸಾಕ್ಷಿಗಳು ಮಡಿದ ದಿನವನ್ನೇ ಅವರ ಜನ್ಮದಿನ ಎಂದು ಕರೆದರು. ಅದು ಸ್ವರ್ಗದಲ್ಲಿ ಹುಟ್ಟಿದ ದಿನ. ಇಂದಿಗೂ ಸಂತರ ಹಬ್ಬಗಳು ಹೆಚ್ಚಾಗಿ ಅವರ ಮರಣದ ದಿನಕ್ಕೇ ಬರುತ್ತವೆ. ಈ ಲೋಕದಲ್ಲಿ ಹುಟ್ಟಿದ ದಿನವನ್ನು ನಾವು ಕೊಂಡಾಡುವುದು ಮೂವರಿಗೆ ಮಾತ್ರ: ಯೇಸುಸ್ವಾಮಿ, ಮರಿಯಮ್ಮನವರು, ಸ್ನಾನಿಕ ಯೊವಾನ್ನರು.

ಏಕೆ ಹೀಗೆ? ಈ ಮೂವರ ಪಾವಿತ್ರ್ಯ ಜನನಕ್ಕೂ ಮುಂಚಿನದು. ಎಲಿಜಬೇತಮ್ಮನ ಗರ್ಭದಲ್ಲೇ ಯೊವಾನ್ನರು ನಲಿದಾಡಿದ್ದನ್ನು ಸಂತ ಲೂಕರು ಬರೆದಿದ್ದಾರೆ. ಸಂತ ಜೆರೋಮರ ಲತೀನ್ ಶುಭಸಂದೇಶದಲ್ಲಿ ಅಲ್ಲಿರುವ ಪದ 'ಇನ್ ಉತೆರೊ', ಅಂದರೆ ಗರ್ಭದಲ್ಲಿ. ಇಂದಿಗೂ ವೈದ್ಯರು ಬಳಸುವುದು ಇದೇ ಪದವನ್ನು.

ಪಂಚಾಂಗವೂ ಈ ವಿಶ್ವಾಸವನ್ನೇ ಸಾರುತ್ತದೆ. ಮಾರ್ಚ್ 25ರ ಮಂಗಳವಾರ್ತೆಯಿಂದ ಕ್ರಿಸ್ಮಸ್‌ಗೆ ಸರಿಯಾಗಿ ಒಂಬತ್ತು ತಿಂಗಳು. ಮರಿಯಮ್ಮನವರ ಜನನದ ಹಬ್ಬಕ್ಕೆ ರೋಮಿನಲ್ಲಿ ಮೆರವಣಿಗೆ ಏರ್ಪಡಿಸಿದವರು 687ರಿಂದ 701ರವರೆಗೆ ಪೋಪ್ ಆಗಿದ್ದ ಒಂದನೇ ಸೆರ್ಜಿಯುಸ್. ಆ ಸೆಪ್ಟೆಂಬರ್ 8ರಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಅದನ್ನು ವಿಶ್ವಾಸಸತ್ಯವೆಂದು ಒಂಬತ್ತನೇ ಪಿಯುಸ್ ಸಾರಿದ್ದು 1854ರಲ್ಲಿ.

ರೋಮಿನ ನ್ಯಾಯಶಾಸ್ತ್ರವೂ ಗರ್ಭದ ಮಗುವಿನ ಹಿತದ ಪ್ರಶ್ನೆ ಬಂದಾಗ ಅದನ್ನು ಹುಟ್ಟಿದ ಮಗುವಿನಂತೆಯೇ ಕಂಡಿತು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೂ ಇದನ್ನೇ ಹೇಳುತ್ತದೆ. ತಂದೆ ತೀರಿಕೊಂಡಾಗ ತಾಯಿಯ ಬಸಿರಲ್ಲಿದ್ದ ಮಗು ಮುಂದೆ ಜೀವಂತವಾಗಿ ಹುಟ್ಟಿದರೆ, ಒಡಹುಟ್ಟಿದವರಂತೆ ಅದಕ್ಕೂ ಪಾಲುಂಟು.

ಆದರೆ ಜನನಪೂರ್ವ ತಪಾಸಣೆಯನ್ನೇ ಹೆಣ್ಣುಮಗುವಿನ ವಿರುದ್ಧ ತಿರುಗಿಸಿದವರೂ ಇದ್ದಾರೆ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿತು. ಆದರೂ 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 948 ಮಾತ್ರ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲೇ ಗುಟ್ಟಾಗಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಎಂಥ ಕಹಿ!

ಪ್ರಿಯರೇ, ಸೆಪ್ಟೆಂಬರ್ 8 ಒಂದು ಹೆಣ್ಣುಮಗುವಿನ ಹುಟ್ಟುಹಬ್ಬ. ಆ ಮಗುವಿಗಾಗಿ ಘಂಟೆ ಬಾರಿಸಿ, ಹೂ ಏರಿಸುವ ನಾವು ನಮ್ಮ ಸೊಸೆಯ, ಮಗಳ ಬಸಿರಲ್ಲಿರುವ ಕೂಸನ್ನು 'ಗಂಡೋ ಹೆಣ್ಣೋ' ಎಂದು ಕೇಳದೆ ಬರಮಾಡಿಕೊಳ್ಳೋಣ. ಆರೋಗ್ಯಮಾತೆ ನಮ್ಮ ಮನೆಯ ಎಲ್ಲ ಗರ್ಭಿಣಿಯರನ್ನೂ ಕಾಪಾಡಲಿ. ಆಮೆನ್.