ಪುಣೆಯ ಫ್ಲ್ಯಾಟ್‌ನಲ್ಲಿ ಹವಳದ ಅಕ್ವೇರಿಯಂ: ಏನು ಸಾಕಬಹುದು, ಯಾವುದನ್ನು ಮುಟ್ಟಲೇಬಾರದು?

ಗಾಜಿನ ತೊಟ್ಟಿ, ನೀಲಿ ಬೆಳಕು, ಬಂಡೆಯ ಸಂದಿಯಿಂದ ಇಣುಕುವ ಕಿತ್ತಳೆ ಬಣ್ಣದ ಮೀನು, ಅಲೆಗೆ ತೂಗಾಡುವ ಹವಳ. ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಇಂಥ ರೀಫ್ ಅಕ್ವೇರಿಯಂ ನೋಡಿ ಮನೆಯಲ್ಲೂ ಒಂದು ಇಡೋಣ ಎಂದುಕೊಳ್ಳುವವರು ಹೆಚ್ಚುತ್ತಿದ್ದಾರೆ. ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಂಥ ಒಳನಾಡಿನ ನಗರದಲ್ಲೂ ಇದು ಸಾಧ್ಯ. ಆದರೆ ಆ ರೀಲ್ಸ್‌ಗಳಲ್ಲಿ ಬಹುಪಾಲು ಅಮೆರಿಕ, ಯುರೋಪಿನವು. ಅಲ್ಲಿ ಅಂಗಡಿಯಲ್ಲಿ ಮಾರುವ ಹವಳವನ್ನು ಇಲ್ಲಿ ಮನೆಯಲ್ಲಿಟ್ಟುಕೊಂಡರೆ ಜೈಲು ಸೇರಬೇಕಾಗಬಹುದು. ಹೀಗಾಗಿ ತೊಟ್ಟಿ ಎಷ್ಟು ದೊಡ್ಡದಿರಬೇಕು ಎಂದು ಯೋಚಿಸುವ ಮೊದಲು ಅದರೊಳಗೆ ಏನಿರಬಾರದು ಎಂಬುದನ್ನು ತಿಳಿದುಕೊಳ್ಳುವುದು ಒಳಿತು.

ಕಾನೂನು ಏನು ಹೇಳುತ್ತದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಂದರೆ ಹುಲಿ, ಆನೆ ನೆನಪಾಗುತ್ತವೆ. 2001ರಲ್ಲಿ ಕೇಂದ್ರ ಸರ್ಕಾರ ಅದೇ ಕಾಯ್ದೆಯ ಶೆಡ್ಯೂಲ್ 1ಕ್ಕೆ ಹಲವು ಕಡಲಜೀವಿಗಳನ್ನೂ ಸೇರಿಸಿತು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಬೀಸಣಿಗೆಯಂತಿರುವ ಸೀ ಫ್ಯಾನ್ ಆ ಪಟ್ಟಿಗೆ ಬಂದವು. ಸಮುದ್ರಕುದುರೆ, ಸಮುದ್ರ ಸೌತೆಗಳಿಗೂ ಆಗಲೇ ರಕ್ಷಣೆ ಸಿಕ್ಕಿತು. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶೆಡ್ಯೂಲ್ 1ರ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು ಹಾಗೂ ಕನಿಷ್ಠ 25 ಸಾವಿರ ರೂಪಾಯಿ ದಂಡ ವಿಧಿಸಲು ಅವಕಾಶವಿದೆ.

ಹವಳ ಸತ್ತಿದ್ದರೆ ಪರವಾಗಿಲ್ಲ ಎಂದುಕೊಳ್ಳಬೇಡಿ. ಅದರ ಒಣಗಿದ ಅಸ್ಥಿಪಂಜರಕ್ಕೂ ಕಾನೂನು ಅನ್ವಯಿಸುತ್ತದೆ. ವಾಸ್ತುದೋಷ ಹೋಗುತ್ತದೆಂದು ಫ್ರೇಮ್ ಹಾಕಿ ಮಾರುವ 'ಇಂದ್ರಜಾಲ'ವನ್ನು ಅನೇಕರು ಯಾವುದೋ ಗಿಡದ ಬೇರು ಅಂದುಕೊಂಡಿದ್ದಾರೆ. ಅದು ವಾಸ್ತವದಲ್ಲಿ ಸೀ ಫ್ಯಾನ್ ಅಥವಾ ಕಪ್ಪು ಹವಳ, ಅಂದರೆ ಇದೇ ಪಟ್ಟಿಯ ಪ್ರಾಣಿ.

ಅಂಗಡಿಯವರ ಭಾಷೆಯೂ ಗೊತ್ತಿರಲಿ. ಎಸ್‌ಪಿಎಸ್, ಎಲ್‌ಪಿಎಸ್ ಎಂಬ ಎರಡೂ ಹೆಸರು ಗಟ್ಟಿ ಹವಳಕ್ಕೇ ಸೇರಿದ್ದು. ಅಕ್ರೊಪೊರಾ, ಮೊಂಟಿಪೊರಾ ನೋಡಿದರೆ ಕಲ್ಲಿನ ಕೊಂಬೆಯಂತಿರುತ್ತವೆ, ಗುರುತಿಸುವುದು ಸುಲಭ. ಮೋಸ ಹೋಗುವುದು ಹ್ಯಾಮರ್, ಟಾರ್ಚ್ ಎಂಬ ಹವಳಗಳಲ್ಲಿ. ಅವುಗಳ ಉದ್ದನೆಯ ಬೆರಳುಗಳು ನೀರಿನಲ್ಲಿ ಬಳುಕುವುದರಿಂದ ಮೃದು ಹವಳದಂತೆ ಕಾಣುತ್ತವೆ. ಆದರೆ ಕೆಳಗೆ ಸುಣ್ಣದ ಕಲ್ಲಿನ ಬುಡವಿರುತ್ತದೆ. ಬುಡದಲ್ಲಿ ಕಲ್ಲಿನಂಥ ಅಸ್ಥಿಪಂಜರವಿದ್ದರೆ ಅದು ಗಟ್ಟಿ ಹವಳವೆಂದೇ ತಿಳಿದು ದೂರವಿರಿ. 'ಇಂಡೋನೇಷ್ಯಾದಿಂದ ಬಂದಿದ್ದು ಸಾರ್, ಏನೂ ಆಗಲ್ಲ' ಎಂಬ ಮಾತನ್ನು ನೆಚ್ಚಬೇಡಿ. ಗಟ್ಟಿ ಹವಳಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ನಿಯಂತ್ರಣವಿದೆ. ಕೈಬರಹದ ಬಿಲ್ ಅದರ ಪರವಾನಗಿಯಾಗುವುದಿಲ್ಲ. ಅನುಮಾನವಿದ್ದರೆ ಖರೀದಿಗೆ ಮೊದಲೇ ಅರಣ್ಯ ಇಲಾಖೆಯನ್ನು ಕೇಳಿ.

ಇಷ್ಟು ಬಿಗಿ ಏಕೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಮಹಾರಾಷ್ಟ್ರಕ್ಕೆ ಮಾಲ್ವಣದ ಸುತ್ತಲಿನ ಹವಳ, ವಿಜಯದುರ್ಗದಾಚೆ ಆಳಕಡಲಿನಲ್ಲಿ ಮುಳುಗಿರುವ ಆಂಗ್ರಿಯಾ ಬ್ಯಾಂಕ್ ಇವೆ. ನಮ್ಮ ಕರ್ನಾಟಕಕ್ಕೆ ಮುರುಡೇಶ್ವರದ ಎದುರಿನ ನೇತ್ರಾಣಿ. ಪಶ್ಚಿಮ ಕರಾವಳಿಯಲ್ಲಿ ಹವಳವಿರುವುದೇ ಇಂಥ ಬೆರಳೆಣಿಕೆಯ ಜಾಗಗಳಲ್ಲಿ. ಕೊಂಬೆಯ ಹವಳ ವರ್ಷಕ್ಕೆ ಕೆಲವು ಸೆಂಟಿಮೀಟರ್ ಬೆಳೆದರೆ ಹೆಚ್ಚು, ಗುಂಡು ಹವಳ ಅದಕ್ಕಿಂತಲೂ ನಿಧಾನ.

ಹಾಗಾದರೆ ಏನಿಡಬಹುದು?

ಕಲ್ಲಿನ ಬುಡವಿಲ್ಲದ ಮಶ್ರೂಮ್ ಕೋರಲ್, ಲೆದರ್ ಕೋರಲ್, ಜೊಯಾಂಥಿಡ್ ಮೇಲಿನ ಹವಳಗಳ ಪಟ್ಟಿಯಲ್ಲಿಲ್ಲ. ಹೊಸಬರಿಗೆ ಒಗ್ಗುವುದೂ ಇವೇ. ಗಟ್ಟಿ ಹವಳಕ್ಕೆ ಕ್ಯಾಲ್ಸಿಯಂ, ಕ್ಷಾರೀಯತೆಯನ್ನು ಆಗಾಗ ಅಳೆದು ತುಂಬಬೇಕು, ಪ್ರಖರ ಬೆಳಕು ಬೇಕು. ಮೃದು ಹವಳ ಮಧ್ಯಮ ಬೆಳಕಿನಲ್ಲಿ, ವಾರಕ್ಕೊಮ್ಮೆ ನೀರು ಬದಲಿಸಿದರೆ ಬೆಳೆಯುತ್ತದೆ. ಅಂದರೆ ಕಾನೂನು ಪಾಲಿಸಿದವರಿಗೆ ಖರ್ಚೂ ಕಡಿಮೆ.

ಜೊಯಾಂಥಿಡ್ ಬಗ್ಗೆ ಮಾತ್ರ ಎಚ್ಚರ. ಇವುಗಳಲ್ಲಿ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವಿರುತ್ತದೆ. ಕೈಗವಸು, ಕನ್ನಡಕವಿಲ್ಲದೆ ಮುಟ್ಟಬೇಡಿ. ಇವು ಅಂಟಿರುವ ಕಲ್ಲನ್ನು ಕುದಿಯುವ ನೀರಿನಲ್ಲಿ ಹಾಕುವುದು, ಬ್ರಷ್‌ನಿಂದ ಉಜ್ಜುವುದು ಬೇಡವೇ ಬೇಡ. ಆವಿಯಲ್ಲಿ ಬೆರೆತ ವಿಷ ಉಸಿರಿನೊಂದಿಗೆ ಒಳಹೋಗಿ ವಿದೇಶಗಳಲ್ಲಿ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಉದಾಹರಣೆಗಳಿವೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮಶ್ರೂಮ್, ಲೆದರ್ ಸಾಕು.

ತೊಟ್ಟಿಯೊಳಗಿನ ಬಂಡೆ 'ಲೈವ್ ರಾಕ್' ಹೆಸರಿನಲ್ಲಿ ಸಮುದ್ರದಿಂದ ಕಿತ್ತು ತಂದದ್ದಾಗಿದ್ದರೆ ಅದರಲ್ಲೂ ಹವಳದ ತುಂಡೇ ಇರುತ್ತದೆ. ಸೆರಾಮಿಕ್ ಅಥವಾ ಸಿಮೆಂಟ್‌ನಿಂದ ಇದಕ್ಕೆಂದೇ ಮಾಡಿದ ಕೃತಕ ಬಂಡೆ ಸಿಗುತ್ತದೆ. ಒಂದೆರಡು ತಿಂಗಳಲ್ಲಿ ಪಾಚಿ ಹಿಡಿದ ಮೇಲೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಪುಣೆಯ ನೀರು, ಪುಣೆಯ ಬಿಸಿಲು

ಮೊದಲ ತೊಟ್ಟಿ 60 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ್ದಿದ್ದರೆ ಸುಮಾರು 120 ಲೀಟರ್ ಹಿಡಿಯುತ್ತದೆ. ಇದಕ್ಕಿಂತ ಚಿಕ್ಕದು ಅಗ್ಗವಾಗಿ ಕಂಡರೂ ನೀರು ಕಡಿಮೆಯಾದಷ್ಟೂ ಉಷ್ಣಾಂಶ, ಉಪ್ಪಿನಂಶ ಬೇಗ ಏರುಪೇರಾಗುತ್ತವೆ. ಬಂಡೆ, ಸ್ಟ್ಯಾಂಡ್ ಸೇರಿ ತೂಕ 150 ಕೆ.ಜಿ. ದಾಟುತ್ತದೆ. ಟಿವಿ ಯೂನಿಟ್ ಮೇಲೆ ಇಡುವ ಆಸೆ ಬಿಡಿ.

ನಲ್ಲಿ ನೀರನ್ನು ನೇರವಾಗಿ ಬಳಸುವಂತಿಲ್ಲ. ಖಡಕವಾಸ್ಲಾದಿಂದ ಬರುವ ಪಾಲಿಕೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ವಾಘೋಲಿ, ಹಿಂಜವಡಿ ಕಡೆಯ ಸೊಸೈಟಿಗಳಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರಾದರೆ ಗಡಸು ಹೆಚ್ಚು. ಅಡುಗೆಮನೆಯ ಆರ್‌ಒ ಯಂತ್ರವೂ ಸಾಲದು. ಕುಡಿಯುವ ನೀರಿನಲ್ಲಿ ಖನಿಜ ಇರಲೆಂದೇ ಅದನ್ನು ರೂಪಿಸಿರುತ್ತಾರೆ. ಇಲ್ಲಿ ಬೇಕಿರುವುದು ಆರ್‌ಒ ಜತೆಗೆ ಡಿಐ ಹಂತವಿರುವ, ಟಿಡಿಎಸ್ ಸೊನ್ನೆ ತೋರಿಸುವ ನೀರು. ಅದಕ್ಕೆ ಲೀಟರ್‌ಗೆ ಸುಮಾರು 35 ಗ್ರಾಂನಂತೆ ಅಕ್ವೇರಿಯಂ ಉಪ್ಪು ಬೆರೆಸಬೇಕು. ಅಡುಗೆ ಉಪ್ಪಲ್ಲ. ವಾರಕ್ಕೆ 12 ಲೀಟರ್ ಬದಲಿಸಿದರೆ 420 ಗ್ರಾಂ, ವರ್ಷಕ್ಕೆ ಹತ್ತಿರಹತ್ತಿರ 22 ಕೆ.ಜಿ. ಉಪ್ಪು ಬೇಕಾಗುತ್ತದೆ. ಬಜೆಟ್ ಹಾಕುವಾಗ ಎಲ್ಲರೂ ಮರೆಯುವ ಲೆಕ್ಕ ಇದೇ. ವೀಕೆಂಡ್‌ನಲ್ಲಿ ಅಲಿಬಾಗ್‌ಗೆ ಹೋದಾಗ ಕ್ಯಾನ್‌ನಲ್ಲಿ ಸಮುದ್ರದ ನೀರು ತುಂಬಿ ತರುವ ಉಪಾಯವೂ ಕೆಲಸಕ್ಕೆ ಬಾರದು. ದಡದ ನೀರಿನಲ್ಲಿ ಕೆಸರು, ಕೊಳಚೆ ಎರಡೂ ಇರುತ್ತವೆ.

ಉಷ್ಣಾಂಶ 25ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ಪುಣೆಯ ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ಮುಟ್ಟುತ್ತದೆ. ಆದರೆ ಇಲ್ಲೊಂದು ಅನುಕೂಲವಿದೆ. ಪುಣೆಯ ಬೇಸಿಗೆ ಒಣ ಬೇಸಿಗೆ. ನೀರಿನ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸಿದರೆ ಆವಿಯಾಗುವಾಗ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಸೆಖೆಯಲ್ಲಿ ಇದೇ ಫ್ಯಾನ್ ಅಷ್ಟು ಫಲ ಕೊಡದು. ಕೋಣೆಯೇ 32 ಡಿಗ್ರಿ ದಾಟುವಂತಿದ್ದರೆ ಚಿಲ್ಲರ್ ಅನಿವಾರ್ಯ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಹಾಗಾಗಿ ಪ್ರತಿದಿನ ಕಡಿಮೆಯಾದಷ್ಟನ್ನು ಉಪ್ಪು ಬೆರೆಸದ ಶುದ್ಧ ನೀರಿನಿಂದಲೇ ತುಂಬಬೇಕು. ಡಿಸೆಂಬರ್, ಜನವರಿಯ ರಾತ್ರಿ ಉಷ್ಣಾಂಶ 10 ಡಿಗ್ರಿ ಆಸುಪಾಸಿಗೆ ಇಳಿಯುವುದರಿಂದ ಹೀಟರ್ ಕೂಡ ಬೇಕು.

ಇನ್ನು ಗುರುವಾರ. ದುರಸ್ತಿಗೆಂದು ನೀರು, ಕರೆಂಟ್ ಎರಡೂ ಹೋಗುವ ವಾರವೆಂದರೆ ಪುಣೆಯವರಿಗೆ ಅದೇ. ಪಂಪ್ ನಿಂತರೆ ನೀರಿನ ಆಮ್ಲಜನಕ ಇಳಿಯುತ್ತಾ ಹೋಗುತ್ತದೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ. ಇನ್ವರ್ಟರ್ ಇದ್ದರೆ ಲೈಟ್ ಬಿಟ್ಟು ಪಂಪನ್ನಷ್ಟೇ ಅದಕ್ಕೆ ಜೋಡಿಸಿ.

ಮೀನಿಗೆ ಮೊದಲು ಬ್ಯಾಕ್ಟೀರಿಯಾ

ನೀರು ತುಂಬಿದ ದಿನವೇ ಮೀನು ಬಿಟ್ಟರೆ ಅದರದೇ ಅಮೋನಿಯಾ ಅದನ್ನು ಕೊಲ್ಲುತ್ತದೆ. ಅಮೋನಿಯಾವನ್ನು ನೈಟ್ರೈಟ್, ನಂತರ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಬಂಡೆಯ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಖಾಲಿ ತೊಟ್ಟಿ ನೋಡುತ್ತಾ ಕೂರಬೇಕು. ಅಂಗಡಿಯವರು ಈ ಹಂತಕ್ಕೆಂದು ಡ್ಯಾಮ್ಸೆಲ್ ಮೀನು ಕೊಡುವುದುಂಟು. ಬೇಡ ಎನ್ನಿ. ಅಗ್ಗದ ಮೀನು ನಿಜ, ಆದರೆ ಬದುಕುಳಿದದ್ದು ಮುಂದೆ ಬರುವ ಮೀನುಗಳನ್ನೆಲ್ಲ ಅಟ್ಟಾಡಿಸುತ್ತದೆ.

ಯಾವ ಮೀನು?

2003ರ 'ಫೈಂಡಿಂಗ್ ನೀಮೋ' ಸಿನಿಮಾದಿಂದ ಮನೆಮಾತಾದ ಕ್ಲೌನ್‌ಫಿಶ್ ಹೊಸಬರಿಗೆ ನಿಜಕ್ಕೂ ಒಳ್ಳೆಯ ಆಯ್ಕೆ. ಎಂಟು ಒಂಬತ್ತು ಸೆಂ.ಮೀ. ಮೀರುವುದಿಲ್ಲ. ಸಮುದ್ರ ಹೂವು ಇಲ್ಲದೆಯೂ ಆರಾಮವಾಗಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. ಎರಡು ಮರಿ ತಂದರೆ ಸಾಕು. ಜೋಡಿಯಲ್ಲಿ ಬಲಿಷ್ಠವಾದದ್ದು ಹೆಣ್ಣಾಗಿ ಬದಲಾಗುತ್ತದೆ.

ಇದನ್ನು ಆರಿಸಲು ಇನ್ನೂ ದೊಡ್ಡ ಕಾರಣವಿದೆ. ಸಿಹಿನೀರಿನ ಅಲಂಕಾರಿಕ ಮೀನುಗಳು ಹೆಚ್ಚಾಗಿ ಫಾರ್ಮ್‌ಗಳಲ್ಲಿ ಬೆಳೆದವು. ಕಡಲ ಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ಆಗ್ನೇಯ ಏಷ್ಯಾದ ಕೆಲವೆಡೆ ಸಯನೈಡ್ ಚಿಮುಕಿಸಿ ಮೀನನ್ನು ಮಂಕಾಗಿಸಿ ಹಿಡಿಯುತ್ತಾರೆ, ಹಾಗೆ ಹಿಡಿದದ್ದು ಮನೆಗೆ ಬಂದ ಕೆಲವೇ ವಾರಗಳಲ್ಲಿ ಕಾರಣವಿಲ್ಲದೆ ಸಾಯುವುದುಂಟು. ಕ್ಲೌನ್‌ಫಿಶ್ ಹಾಗಲ್ಲ, ಭಾರತದಲ್ಲೇ ಮರಿ ಮಾಡಿಸುತ್ತಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದರ ತಂತ್ರಜ್ಞಾನ ರೂಪಿಸಿದೆ. ಪುಣೆಗೆ ಹತ್ತಿರದಲ್ಲಿ, ನವಿ ಮುಂಬೈಯ ಐರೋಲಿಯಲ್ಲಿ ಮ್ಯಾಂಗ್ರೋವ್ ಫೌಂಡೇಶನ್‌ನ ಕಡಲ ಅಲಂಕಾರಿಕ ಮೀನುಗಳ ಮರಿ ಕೇಂದ್ರವಿದ್ದು, ಕರಾವಳಿಯ ಜನರಿಗೆ ಆದಾಯದ ದಾರಿಯಾಗಲೆಂದು ಕ್ಲೌನ್‌ಫಿಶ್ ಸಾಕಣೆಯನ್ನು ಉತ್ತೇಜಿಸಲಾಗುತ್ತಿದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದ್ದಲ್ಲ: ಇದು ಮರಿ ಮಾಡಿಸಿದ್ದೋ, ಹಿಡಿದು ತಂದದ್ದೋ? ಎರಡನೆಯದು: ನನ್ನೆದುರು ಇದಕ್ಕೆ ಆಹಾರ ಹಾಕುತ್ತೀರಾ? ತಿನ್ನದ ಮೀನನ್ನು ಅಲ್ಲೇ ಬಿಟ್ಟು ಬನ್ನಿ.

120 ಲೀಟರ್‌ಗೆ ಕ್ಲೌನ್‌ಫಿಶ್ ಜೋಡಿ, ತಳದಲ್ಲಿ ಓಡಾಡುವ ಒಂದು ಗೋಬಿ, ಒಂದು ಕ್ಲೀನರ್ ಸೀಗಡಿ, ಪಾಚಿ ತಿನ್ನಲು ಒಂದಿಷ್ಟು ಹರ್ಮಿಟ್ ಏಡಿ. ಇಷ್ಟರ ಮೇಲೆ ಆಸೆ ಪಡಬೇಡಿ. ಫೈರ್‌ಫಿಶ್ ಬೇಕೆಂದರೆ ಗೋಬಿಯ ಬದಲು ತನ್ನಿ, ಹಾರುವ ಮೀನಾದ್ದರಿಂದ ಮೇಲೆ ಬಲೆ ಮುಚ್ಚಿ. ಸಿನಿಮಾದ 'ಡೋರಿ', ಅಂದರೆ ಬ್ಲೂ ಟ್ಯಾಂಗ್, 30 ಸೆಂ.ಮೀ. ಬೆಳೆಯುತ್ತದೆ, ಈ ತೊಟ್ಟಿ ಅದಕ್ಕೆ ಬಚ್ಚಲುಮನೆ. ಬಟರ್‌ಫ್ಲೈ ಮೀನುಗಳಲ್ಲಿ ಹಲವು ಹವಳವನ್ನೇ ತಿನ್ನುತ್ತವೆ. ಎಲ್ಲಕ್ಕಿಂತ ಸುಂದರವಾದ ಮ್ಯಾಂಡರಿನ್ ಮೀನು ಬಂಡೆಯ ಸಂದಿಯ ಸೂಕ್ಷ್ಮಜೀವಿಗಳನ್ನಷ್ಟೇ ಹುಡುಕಿ ತಿನ್ನುವುದರಿಂದ ಹೊಸ ತೊಟ್ಟಿಯಲ್ಲಿ ಹಸಿವಿನಿಂದ ಸಾಯುತ್ತದೆ.

ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ ಬೇರೆ ಚಿಕ್ಕ ತೊಟ್ಟಿಯಲ್ಲಿಡಿ. ಬಿಳಿ ಚುಕ್ಕೆ ರೋಗ ಕಂಡರೆ ತಾಮ್ರದ ಔಷಧವನ್ನು ಅಲ್ಲಿಯೇ ಕೊಡಬೇಕು. ಅದೇ ಔಷಧ ಮುಖ್ಯ ತೊಟ್ಟಿಗೆ ಬಿದ್ದರೆ ಸೀಗಡಿ, ಹವಳ ಉಳಿಯುವುದಿಲ್ಲ.

ಬದಲಿಸಿದ ಉಪ್ಪುನೀರನ್ನು ಬಾಲ್ಕನಿಯ ತುಳಸಿಗೆ ಸುರಿಯಬೇಡಿ, ಗಿಡ ಒಣಗುತ್ತದೆ, ಟಾಯ್ಲೆಟ್‌ಗೆ ಹಾಕಿ. ದೀಪಾವಳಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಊರಿಗೆ ಹೊರಟಾಗ ಪಕ್ಕದ ಮನೆಯವರ ಕೈಗೆ ಆಹಾರದ ಡಬ್ಬಿಯನ್ನೇ ಕೊಡಬೇಡಿ. ದಿನಕ್ಕೊಂದು ಚಿಟಿಕೆಯಂತೆ ಪೊಟ್ಟಣ ಕಟ್ಟಿ, ತಾರೀಖು ಬರೆದಿಡಿ. ಜತೆಗೆ ದಿನಾ ತುಂಬಬೇಕಾದ ಶುದ್ಧ ನೀರಿನ ಕ್ಯಾನ್, ತೊಟ್ಟಿಯ ಗಾಜಿನ ಮೇಲೆ ನೀರು ಎಲ್ಲಿಯವರೆಗೆ ಎಂಬ ಒಂದು ಗೆರೆ.